ಮೇಲ್ ಸರ್ವರ್ ಕೇಳುವ ಗುರುತು

ಲೋಕದ ಯಾವ ಸರ್ವರ್ ಬೇಕಾದರೂ ಪಾಸ್‌ವರ್ಡ್ ಇಲ್ಲದೆ ನಮ್ಮ ಮೇಲ್ ಸರ್ವರ್‌ಗೆ ಪತ್ರ ತಂದು ಹಾಕಬಹುದು. ಅದೇ ಸರ್ವರ್ ಮೂಲಕ ನಾವು ಹೊರಗಿನವರಿಗೆ ಬರೆಯಹೊರಟರೆ ಮಾತ್ರ ಪಾಸ್‌ವರ್ಡ್ ಬೇಕು. ಇದು ತಲೆಕೆಳಗಾದ ನ್ಯಾಯವಲ್ಲವೇ ಎಂದು ಓದುಗರೊಬ್ಬರ ಪ್ರಶ್ನೆ. ಅಲ್ಲ. ತನ್ನವರಿಗೆ ಬಂದ ಪತ್ರ ತೆಗೆದುಕೊಳ್ಳುವುದು ಸರ್ವರ್‌ನ ಕರ್ತವ್ಯ. ಯಾರದೋ ಪತ್ರವನ್ನು ಇನ್ಯಾರಿಗೋ ಮುಟ್ಟಿಸುವ ರಿಲೇ ಕೆಲಸ ಅದು ಹೊರುವ ಹೊಣೆ. ಸರ್ವರ್‌ಗಳು ಪತ್ರ ಸಾಗಿಸುವ ಕ್ರಮವಾದ ಎಸ್‌ಎಂಟಿಪಿಗೆ 1982ರಲ್ಲಿ ಜಾನ್ ಪೋಸ್ಟೆಲ್ ಬರೆದ ನಿಯಮಾವಳಿಯಲ್ಲಿ ಪಾಸ್‌ವರ್ಡ್‌ನ ಮಾತೇ ಇರಲಿಲ್ಲ. ಒಂದು ಪತ್ರಕ್ಕೆ ಕನಿಷ್ಠ 100 ವಿಳಾಸಗಳನ್ನಾದರೂ ಸರ್ವರ್ ಒಪ್ಪಿಕೊಳ್ಳಬೇಕು ಎಂದು ಮಾತ್ರ ಅದರಲ್ಲಿತ್ತು. ಸ್ಪ್ಯಾಮ್ ಕಳಿಸುವವರಿಗೆ ವರವಾದದ್ದು ಇದೇ: ಪತ್ರದ ಒಂದೇ ಪ್ರತಿ ಒಪ್ಪಿಸಿದರೆ ಸಾಕು, ನೂರು ಕಡೆ ಹಂಚುವ ದುಡಿಮೆಯೂ ಖರ್ಚೂ ಕೆಟ್ಟ ಹೆಸರೂ ಸರ್ವರ್‌ನ ಪಾಲು.

ಕಚೇರಿಯೊಳಗಿನ ಐಪಿ ವಿಳಾಸಗಳಿಗಷ್ಟೇ ರಿಲೇ ಕೊಟ್ಟರಾಯಿತಲ್ಲ ಎನ್ನಬಹುದು. ಹಾಗೆ ಮಾಡಿದಾಗ ಊರಿಗೆ ಹೋದ ನೌಕರನೂ ಅಪರಿಚಿತನಾಗುತ್ತಾನೆ. ಎಲ್ಲಿಂದ ಬಂದೆ ಎನ್ನುವುದನ್ನು ಬಿಟ್ಟು ಯಾರು ನೀನು ಎಂದು ಕೇಳುವ ವಿಧಾನ 1999ರಲ್ಲಿ ಎಸ್‌ಎಂಟಿಪಿಗೆ ಸೇರಿತು. ಅದರ ಸಂಭಾಷಣೆಯೇ ಚೆಂದ. ಗುರುತು ಹೇಳು ಎನ್ನುವಾಗ ಸರ್ವರ್ 334 ಎನ್ನುತ್ತದೆ, ಒಪ್ಪಿದರೆ 235, ತಿರಸ್ಕರಿಸಿದರೆ 535. ನಡುವೆ ಹಾದುಹೋಗುವ ಪಾಸ್‌ವರ್ಡ್ ಅರ್ಥವಿಲ್ಲದ ಅಕ್ಷರಗಳ ಸಾಲಿನಂತೆ ಕಾಣುವುದರಿಂದ ಅದು ಗುಪ್ತ ಲಿಪಿ ಎಂದು ನಂಬಿದವರಿದ್ದಾರೆ. ಈ ನಂಬಿಕೆಯನ್ನು ಬಿಡಲೇಬೇಕು! ಅದು ಬೇಸ್64, ಅಕ್ಷರಗಳನ್ನು ಬೇರೆ ಅಕ್ಷರಗಳಲ್ಲಿ ಬರೆಯುವ ಕ್ರಮವಷ್ಟೇ; ಬಿಡಿಸಲು ಯಾವ ಕೀಲಿಯೂ ಬೇಡ. ಗುಟ್ಟು ಕಾಯುವುದು ಇಡೀ ಸಂಪರ್ಕವನ್ನೇ ಗುಪ್ತ ಲಿಪಿಗೆ ತಿರುಗಿಸುವ ಟಿಎಲ್‌ಎಸ್. ಆದ್ದರಿಂದಲೇ ಟಿಎಲ್‌ಎಸ್ ಇಲ್ಲದ ಸಂಪರ್ಕದಲ್ಲಿ ಪಾಸ್‌ವರ್ಡ್ ಕೇಳಲೇಬಾರದು.

ಗುರುತು ಕೇಳದೆ ಯಾರ ಪತ್ರವನ್ನಾದರೂ ಮುಟ್ಟಿಸುವ ತೆರೆದ ರಿಲೇಯನ್ನು ಸ್ವಾತಂತ್ರ್ಯದ ಪ್ರಶ್ನೆಯಾಗಿ ಸಮರ್ಥಿಸಿದವರೂ ಇದ್ದರು. ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್‌ನ ಸಹಸ್ಥಾಪಕ ಜಾನ್ ಗಿಲ್ಮೋರ್ ತಮ್ಮ ಸರ್ವರನ್ನು ತತ್ವಕ್ಕಾಗಿಯೇ ತೆರೆದಿಟ್ಟಿದ್ದರು. ಆ ಕಾಳಜಿ ದೊಡ್ಡದು, ನಿಜ. ಆದರೆ ತೆರೆದ ಸರ್ವರ್ ಸ್ಪ್ಯಾಮ್ ಮೂಲಗಳ ಕಪ್ಪುಪಟ್ಟಿಗೆ ಸೇರಿದರೆ ಅದನ್ನು ನಂಬಿದ ಎಲ್ಲರ ಪತ್ರವೂ ನಿಲ್ಲುತ್ತದೆ. ಪಾಸ್‌ವರ್ಡೂ ಕಳುವಾಗುತ್ತದಲ್ಲ ಎಂಬ ಆಕ್ಷೇಪಕ್ಕೂ ಉತ್ತರ ಇಲ್ಲೇ ಇದೆ: ಕಳುವಾದದ್ದು ಯಾರ ಖಾತೆ ಎಂಬುದು ಸರ್ವರ್‌ನ ಲಾಗ್‌ನಲ್ಲಿ ದಾಖಲಾಗಿರುತ್ತದೆ. ಬೇಗ ಗಮನಿಸಿ ಆ ಒಂದು ಖಾತೆ ಮುಚ್ಚಿದರೆ ಉಳಿದವರ ಪತ್ರಗಳು ಎಂದಿನಂತೆ ಹೋಗುತ್ತವೆ.