ಕಡಲ ತೀರದ ಎರಡು ಪಟ್ಟಣಗಳು

ಕಡಲು ಔಷಧವೆಂಬ ನಂಬಿಕೆಯಿಂದ ಬೆಳೆದ ಊರು ಇಂಗ್ಲೆಂಡಿನ ಬ್ರೈಟನ್. ಮೊದಲು ಅದು ಬೆಸ್ತರ ಬಡ ಊರಾಗಿತ್ತು. 1750ರಲ್ಲಿ ರಿಚರ್ಡ್ ರಸೆಲ್ ಎಂಬ ವೈದ್ಯನು ಗ್ರಂಥಿರೋಗಗಳಿಗೆ ಸಮುದ್ರಸ್ನಾನವೂ ಸಮುದ್ರಜಲದ ಪಾನವೂ ಹಿತವೆಂದು ಲ್ಯಾಟಿನ್ ಭಾಷೆಯಲ್ಲಿ ಗ್ರಂಥವನ್ನು ಬರೆದನು. ರೋಗಿಗಳು ಬಂದರು, 1783ರಲ್ಲಿ ಯುವರಾಜ ಜಾರ್ಜನು ಬಂದನು, 1841ರಲ್ಲಿ ಲಂಡನ್ನಿನಿಂದ ರೈಲುಮಾರ್ಗವಾದ ಮೇಲೆ ಜನಸಾಮಾನ್ಯರೂ ಬಂದರು. ಪಾಟ್ನಾದಲ್ಲಿ ಜನಿಸಿದ ಶೇಕ್ ದೀನ್ ಮಹಮ್ಮದನು ಅಲ್ಲಿ ಹಬೆಸ್ನಾನ ಮತ್ತು ಅಂಗಮರ್ದನದ ಗೃಹವನ್ನು ನಡೆಸಿ ಇಬ್ಬರು ದೊರೆಗಳ ಮೆಚ್ಚುಗೆಗೆ ಪಾತ್ರನಾದನು.

ಅದೇ ಇಂಗ್ಲಿಷರು ಕೋರಮಂಡಲ ತೀರದಲ್ಲಿ ಕಟ್ಟಿದ ಪಟ್ಟಣದ ಸ್ವಭಾವವೇ ಬೇರೆ. ವಿಜಯನಗರದ ಅರವೀಡು ಅರಸರಿಗೆ ಅಧೀನನಾಗಿದ್ದ ನಾಯಕನಿಂದ 1639ರಲ್ಲಿ ಫ್ರಾನ್ಸಿಸ್ ಡೇ ಪಡೆದುದು ಬರಿಯ ಮರಳುದಂಡೆ. ಬಂದರಿರಲಿಲ್ಲ. ಹಡಗುಗಳು ದೂರದಲ್ಲಿ ಲಂಗರು ಹಾಕುತ್ತಿದ್ದವು. ಮೊಳೆಯಿಲ್ಲದೆ ನಾರಿನ ಹಗ್ಗದಿಂದ ಹಲಗೆಗಳನ್ನು ಹೊಲಿದ ಮಸೂಲ ದೋಣಿಗಳು ಜನರನ್ನೂ ಸರಕನ್ನೂ ಅಬ್ಬರದ ಅಲೆಗಳ ಮೇಲೆ ದಡಕ್ಕೆ ತರುತ್ತಿದ್ದವು. ಇಂತಹ ಕಡಲು ಚಿಕಿತ್ಸೆಯಾಗುವುದೆಂತು? ಅದು ಭಯದ ವಸ್ತುವಾಯಿತು. 1693ರಲ್ಲಿ ಎಗ್ಮೋರ್, ತೊಂಡಿಯಾರ್‌ಪೇಟೆಗಳೊಡನೆ ಪುರಸೈವಾಕ್ಕಂ ಕೂಡ ಅವರ ವಶವಾಯಿತು. ಕಾಲಕ್ರಮದಲ್ಲಿ ಸಿರಿವಂತ ಇಂಗ್ಲಿಷರು ಕೋಟೆಯನ್ನು ತೊರೆದು, ಒಳನಾಡಿನ ಮರಗಳ ನೆರಳಿನಲ್ಲಿ ತೋಟದ ಮನೆಗಳನ್ನು ಕಟ್ಟಿಕೊಂಡರು. ಪಟ್ಟಣವು ಕಡಲಿಗೆ ಬೆನ್ನು ಹಾಕಿ ಬೆಳೆಯಿತು.

ಈ ಮುನಿಸು ಕರಗಿದುದು 1880ರ ದಶಕದಲ್ಲಿ. 1881ರಿಂದ 1886ರವರೆಗೆ ಗವರ್ನರನಾಗಿದ್ದ ಗ್ರಾಂಟ್ ಡಫ್ ತೀರದಗುಂಟ ವಿಹಾರಪಥವನ್ನು ನಿರ್ಮಿಸಿ, ಅದಕ್ಕೆ ಮರೀನಾ ಎಂಬ ಹೆಸರನ್ನಿಟ್ಟನು. ಅದರ ವಿಶಾಲವಾದ ಮರಳು ಮಾತ್ರ ಬಂದರಿನ ಕೊಡುಗೆ. ವರ್ಷದ ಬಹುಭಾಗ ದಕ್ಷಿಣದಿಂದ ಉತ್ತರಕ್ಕೆ ಸಾಗುವ ಮರಳನ್ನು ಬಂದರಿನ ಕಲ್ಲುಗೋಡೆಗಳು ತಡೆದವು. ದಕ್ಷಿಣದ ದಂಡೆ ಹಿಗ್ಗಿತು. ಅದೇ ಕಾರಣದಿಂದ ಉತ್ತರದಲ್ಲಿ ರಾಯಪುರಂ ಆಚೆಯ ದಡವನ್ನು ಕಡಲು ಕೊರೆಯತೊಡಗಿತು. ಬೆಸ್ತರ ನೆಲೆಗಳು ಕರಗಿದವು. ಒಬ್ಬರ ವಿಹಾರಕ್ಕೆ ಮತ್ತೊಬ್ಬರು ತೆತ್ತ ಬೆಲೆಯಿದು.

ಈ ತೀರದಿಂದ ಆರೋಗ್ಯಕ್ಕೆ ಲಾಭವೇನು? ರಸೆಲನ ಪಾನಚಿಕಿತ್ಸೆ ಇಂದು ಸಲ್ಲದು. ಒಂದು ಲೀಟರ್ ಸಮುದ್ರಜಲದಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಅದನ್ನು ಹೊರಹಾಕಲು ಮೂತ್ರಪಿಂಡಗಳು ಕುಡಿದುದಕ್ಕಿಂತ ಹೆಚ್ಚು ನೀರನ್ನು ವ್ಯಯಿಸಬೇಕಾಗುವುದರಿಂದ ದೇಹ ಒಣಗುತ್ತದೆ. ಉಪಕಾರಿಯಾದುದು ಗಾಳಿ ಮತ್ತು ನಡಿಗೆ. ಹಗಲು ನೆಲವು ಕಡಲಿಗಿಂತ ಬೇಗ ಕಾಯುತ್ತದೆ. ಮೇಲೇರುವ ಬಿಸಿಗಾಳಿಯ ಸ್ಥಾನಕ್ಕೆ ಕಡಲಿನ ತಂಪುಗಾಳಿ ನುಗ್ಗುತ್ತದೆ. ಬೇಸಗೆಯಲ್ಲಿ ಅದು ತಡವಾದ ದಿನ ಪುರಸೈವಾಕ್ಕಂನ ಇಕ್ಕಟ್ಟಿನ ಮನೆಗಳಲ್ಲಿರುವವರಿಗೆ ಸಂಜೆಯೂ ಸೆಕೆಯೇ. ವಾರಕ್ಕೆ ಐದು ದಿನ ಅರ್ಧ ಗಂಟೆಯ ಚುರುಕಾದ ನಡಿಗೆ ಹೃದಯಕ್ಕೂ ಸಕ್ಕರೆ ಕಾಯಿಲೆಯವರಿಗೂ ಹಿತಕರ. ಅದಕ್ಕೆ ತೀರಕ್ಕಿಂತ ಒಳ್ಳೆಯ ಸ್ಥಳ ನಗರದಲ್ಲಿ ವಿರಳ.

ನೀರಿಗಿಳಿಯುವುದು ಮಾತ್ರ ಬೇಡ. ದಡದಿಂದ ಒಳಕ್ಕೆಳೆಯುವ ಸೆಳೆತವು ಮೊಣಕಾಲಿನಷ್ಟು ನೀರಿನಲ್ಲಿಯೂ ಕಾಲು ತಪ್ಪಿಸಬಲ್ಲದು. ಬಯಲುಸೀಮೆಯಿಂದ ಬಂದು ಮೊದಲ ಬಾರಿಗೆ ಕಡಲನ್ನು ಕಾಣುವ ನೆಂಟರಿಗೆ ಈ ಮಾತನ್ನು ಮುಂಚಿತವಾಗಿ ಹೇಳುವುದು ಆತಿಥೇಯರ ಕರ್ತವ್ಯ. ಉಡುಪಿ, ಮಂಗಳೂರಿನ ಕಡಲನ್ನು ಬಲ್ಲವರೂ ಇಲ್ಲಿಯ ನೀರನ್ನು ನಂಬಲಾಗದು. 2004ರ ಡಿಸೆಂಬರ್ 26ರ ಭಾನುವಾರ ಬೆಳಿಗ್ಗೆ ಸುನಾಮಿಯ ಅಲೆಗಳು ಇದೇ ದಂಡೆಯಲ್ಲಿ ಅನೇಕರನ್ನು ಬಲಿ ತೆಗೆದುಕೊಂಡವು.

ಮಸೂಲ ದೋಣಿಯ ಬೆಸ್ತನಿಗಿದ್ದ ಭಯಭಕ್ತಿಯೊಡನೆ ತೀರದಲ್ಲಿ ನಡೆದವನಿಗೆ ಕಡಲು ಇಂದಿಗೂ ಔಷಧವೇ. ಅದು ದೊರೆಯುವುದು ಗಾಳಿಯಲ್ಲಿ, ನೀರಿನಲ್ಲಲ್ಲ.