ಬೆಟ್ಟಸೀಮೆಯ ತೀರ್ಪು

ರಾಜಧಾನಿಯಲ್ಲಿ ಬೀಸಿದ ಗಾಳಿಯೇ ನಾಡಿನ ಮೂಲೆಮೂಲೆಗಳಲ್ಲಿಯೂ ಬೀಸುವುದೆಂದು ನಂಬಿದವರು, 2023ರ ವಿಧಾನಸಭಾ ಚುನಾವಣೆಯಲ್ಲಿ ಸಕಲೇಶಪುರವು ಕೊಟ್ಟ ತೀರ್ಪನ್ನು ಸಾವಧಾನವಾಗಿ ಪರಿಶೀಲಿಸುವುದೊಳ್ಳೆಯದು. 224 ಸ್ಥಾನಗಳಲ್ಲಿ 135ನ್ನು ಗೆದ್ದು ಕಾಂಗ್ರೆಸ್ಸು ಅಧಿಕಾರವನ್ನು ಹಿಡಿದ ಆ ವರ್ಷ, ಸಕಲೇಶಪುರ, ಆಲೂರು, ಕಟ್ಟಾಯಗಳು ಸೇರಿದ ಈ ಮೀಸಲು ಕ್ಷೇತ್ರದಲ್ಲಿ ಅದೇ ಪಕ್ಷವು ಮೂರನೆಯ ಸ್ಥಾನಕ್ಕಿಳಿಯಿತು. ರಾಜ್ಯದಲ್ಲಿ ಪದಚ್ಯುತವಾದ ಬಿಜೆಪಿಯ ಸಿಮೆಂಟ್ ಮಂಜು ಅವರಾದರೋ, 2008ರಿಂದ ಸತತವಾಗಿ ಮೂರು ಬಾರಿ ಆಯ್ಕೆಯಾಗಿದ್ದ ಜೆಡಿಎಸ್‌ನ ಎಚ್.ಕೆ. ಕುಮಾರಸ್ವಾಮಿಯವರನ್ನು 2,056 ಮತಗಳ ಅಂತರದಿಂದ ಸೋಲಿಸಿದರು.

ಈ ಸೀಮೆಯ ನಿತ್ಯಸಂಕಟವೆಂದರೆ ಕಾಡಾನೆ. 2014ರಲ್ಲಿ ಆಲೂರು ಭಾಗದಿಂದ ಇಪ್ಪತ್ತಕ್ಕೂ ಮಿಕ್ಕ ಆನೆಗಳನ್ನು ಹಿಡಿದು ಸಾಗಿಸಿದ ಮೇಲೆಯೂ, ಕಾಫಿ ತೋಟದ ಕೂಲಿಯಾಳು ಬೆಳಗಿನ ಮಂಜಿನಲ್ಲಿ ಜೀವವನ್ನು ಅಂಗೈಯಲ್ಲಿ ಹಿಡಿದೇ ಕೆಲಸಕ್ಕೆ ಹೊರಡುತ್ತಾನೆ. ಈ ದುಃಖಕ್ಕೆ ಸರ್ಕಾರವೇ ಹೊಣೆಯೆಂದು ಮತದಾರನು ಬಗೆದಿದ್ದರೆ, ಅರಣ್ಯ ಇಲಾಖೆಯನ್ನು ಅಂದು ಆಳುತ್ತಿದ್ದ ಬಿಜೆಪಿಯೇ ಇಲ್ಲಿ ಮೊದಲು ಸೋಲಬೇಕಾಗಿತ್ತು. ಹಾಗಾಗಲಿಲ್ಲ. ಎಲ್ಲ ಪಕ್ಷಗಳ ಆಳ್ವಿಕೆಯಲ್ಲಿಯೂ ಆನೆಯ ಹಾವಳಿಯನ್ನುಂಡ ಜನರು ಸರ್ಕಾರಗಳನ್ನು ತೂಗುವುದನ್ನೇ ಬಿಟ್ಟು, ಗದ್ದೆ ತುಳಿದುಹೋದ ಮುಂಜಾನೆ ಬಂದು ನಿಂತವರಾರು, ಪರಿಹಾರದ ಕಡತದ ಬೆನ್ನುಹತ್ತಿ ಕಚೇರಿಗೆ ಅಲೆದವರಾರು ಎಂಬುದನ್ನೇ ನೋಡತೊಡಗಿದ್ದಾರೆಂದು ನನ್ನ ಅಭಿಪ್ರಾಯ. ಮೂರು ಅವಧಿಗಳವರೆಗೆ ಒಬ್ಬರನ್ನೇ ಉಳಿಸಿದ್ದೂ, ನಾಲ್ಕನೆಯದರಲ್ಲಿ ಕೂದಲೆಳೆಯಷ್ಟು ಅಂತರದಿಂದ ಕೈಬಿಟ್ಟಿದ್ದೂ ಇದೇ ಲೆಕ್ಕಾಚಾರದಿಂದಿರಬೇಕು. ಸ್ಪರ್ಧಿಗಳೆಲ್ಲರೂ ಪರಿಶಿಷ್ಟ ಜಾತಿಯವರೇ ಆಗಿರುವ ಕ್ಷೇತ್ರದಲ್ಲಿ, ಮೀಸಲಾತಿಯ ಹೊರಗಿನ ಸಮುದಾಯಗಳಿಗೆ ನಮ್ಮವನೆಂಬ ಅಭಿಮಾನಕ್ಕೆ ಅವಕಾಶ ಕಡಮೆ. ಅಭ್ಯರ್ಥಿಯ ನಡವಳಿಕೆಗೆ ಅಷ್ಟರಮಟ್ಟಿಗೆ ಬೆಲೆ ಹೆಚ್ಚು.

ತೋಟದ ಆಳುಗಳು ವಾಸಿಸುವ ಲೈನ್ ಮನೆಗಳ ಮತವು ಧಣಿಯ ಮಾತಿನಂತೆ ಬೀಳುವುದೆಂಬ ಹಳೆಯ ಎಣಿಕೆಯನ್ನು ನಾನು ಒಪ್ಪಲಾರೆ. ಧಣಿಗೂ ಆಳಿಗೂ ಕಾಫಿಯ ಬೆಲೆಯಲ್ಲಿ ಸಮಾನವಾದ ಆಸಕ್ತಿಯಿಲ್ಲ. ಸ್ವಂತ ನಿವೇಶನದ ಹಕ್ಕುಪತ್ರವೇ ಆಳಿಗೆ ಮುಖ್ಯ. ಆ ಚುನಾವಣೆಯಲ್ಲಿ ಕಾಂಗ್ರೆಸ್ಸು ಕೊಟ್ಟ, ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಆಶ್ವಾಸನೆಯೂ, ಬಸ್ಸೇ ಅಪರೂಪವಾದ ದಿಣ್ಣೆಗಳ ಮೇಲೆ ಪೇಟೆಯಲ್ಲಿ ಪಡೆದಷ್ಟು ಬೆಲೆಯನ್ನು ಪಡೆದಿರಲಾರದು.

ಮರುವರ್ಷ ಲೋಕಸಭಾ ಚುನಾವಣೆಗೆ ಬಿಜೆಪಿ ಮತ್ತು ಜೆಡಿಎಸ್ ಕೈಜೋಡಿಸಿದಾಗ, ಎರಡರ ಮತಗಳನ್ನೂ ಕೂಡಿಸಿ ಗೆಲುವು ನಿಶ್ಚಿತವೆಂದವರು ಹಲವರಿದ್ದರು. ಆದರೆ ಸಕಲೇಶಪುರವೂ ಸೇರಿದ ಹಾಸನ ಲೋಕಸಭಾ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಶ್ರೇಯಸ್ ಪಟೇಲರು 42,649 ಮತಗಳಿಂದ ಗೆದ್ದರು, 1999ರಲ್ಲಿ ಜಿ. ಪುಟ್ಟಸ್ವಾಮಿಗೌಡರು ದೇವೇಗೌಡರನ್ನು ಸೋಲಿಸಿದ ತರುವಾಯ ಆ ಪಕ್ಷಕ್ಕೆ ಇಲ್ಲಿ ದೊರೆತ ಮೊದಲ ಲೋಕಸಭಾ ಜಯವದು. ಆ ಫಲಿತಾಂಶಕ್ಕೆ ಬೇರೆ ಪ್ರಬಲ ಕಾರಣಗಳೂ ಇದ್ದುವು. ಆದರೆ ಹಿಂದಿನ ವರ್ಷವಷ್ಟೇ ಊರೂರಿನಲ್ಲಿ ಪರಸ್ಪರ ಎದುರಾಗಿ ನಿಂತು ಮತ ಯಾಚಿಸಿದ್ದ ಕಾರ್ಯಕರ್ತರು, ನಾಯಕರು ದೂರದಲ್ಲಿ ಕೈಕುಲುಕಿದ ಮಾತ್ರಕ್ಕೆ ಒಂದೇ ಜಗಲಿಯಲ್ಲಿ ಕುಳಿತಾರೆಂದು ಬಗೆದದ್ದು, ಈ ಸೀಮೆಯನ್ನು ಬಲ್ಲವರು ಮಾಡುವ ಗಣಿತವಾಗಿರಲಿಲ್ಲ.