ಹೊಸ್ತಿಲಿನಾಚೆಯ ಗೋಡೆ ಯಾರದು?

ಮನೆಯ ಬಾಗಿಲಿಗೆ ತೋರಣ ಕಟ್ಟಲು, ಶಿಲುಬೆ ತೂಗುಹಾಕಲು, ಕುರಾನಿನ ವಾಕ್ಯ ಬರೆದ ಫಲಕ ಕೂರಿಸಲು ಇರುವ ಮೂಲ ಆಧಾರ ಸಂವಿಧಾನದ 25ನೇ ವಿಧಿ. ಧರ್ಮವನ್ನು ನಂಬುವ ಸ್ವಾತಂತ್ರ್ಯದ ಜೊತೆಗೆ ಆಚರಿಸುವ ಸ್ವಾತಂತ್ರ್ಯವನ್ನೂ ಅದು ಕೊಡುತ್ತದೆ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಮತ್ತು ಉಳಿದ ಮೂಲಭೂತ ಹಕ್ಕುಗಳು ಅದಕ್ಕಿರುವ ಮಿತಿಗಳು. ಧರ್ಮವೆಂದರೆ ಮನಸ್ಸಿನೊಳಗಿನ ನಂಬಿಕೆಯಷ್ಟೇ ಅಲ್ಲ, ಪೂಜೆ ಆಚಾರಗಳೂ ಅದರೊಳಗೇ ಬರುತ್ತವೆ ಎಂದು ಸುಪ್ರೀಂ ಕೋರ್ಟ್ 1954ರಲ್ಲಿ ಹೇಳಿತು. ಅದು ನಮ್ಮ ಉಡುಪಿಯ ಶಿರೂರು ಮಠದ ಮೊಕದ್ದಮೆ. ಆಗ ಆ ಸೀಮೆ ಮದ್ರಾಸ್ ರಾಜ್ಯದಲ್ಲಿತ್ತು.

ಆದರೆ ಈ ಹಕ್ಕನ್ನು ಮುಖ್ಯವಾಗಿ ಕೇಳಬಹುದಾದದ್ದು ಸರ್ಕಾರದ ಎದುರು. ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಬಾಗಿಲು ತಟ್ಟಿ ‘ಇದನ್ನು ತೆಗೀರಿ’ ಎನ್ನುವವರು ಸರ್ಕಾರದವರಲ್ಲ, ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನ ಕಾರ್ಯದರ್ಶಿಗಳು ಇಲ್ಲವೇ ಮನೆ ಮಾಲೀಕರು. ಹಾಗಾಗಿ ಜಗಳದ ಇತ್ಯರ್ಥಕ್ಕೆ ಸಂವಿಧಾನಕ್ಕಿಂತ ಮೊದಲು ಆ ಗೋಡೆ ಯಾರದು ಎಂಬ ಪ್ರಶ್ನೆ ಬರುತ್ತದೆ.

ಸೈಟಿನ ಮನೆಗಳಲ್ಲಿ ಈ ಪ್ರಶ್ನೆ ಸರಳ. 1948ರಲ್ಲಿ ಅಡಿಗಲ್ಲು ಕಂಡ ಜಯನಗರದ ಹಳೆಯ ಮನೆಗಳಲ್ಲಿ, ಬನಶಂಕರಿಯ ಬಡಾವಣೆಗಳಲ್ಲಿ, ಕಾಂಪೌಂಡಿನ ಒಳಗಿನ ತುಳಸಿಕಟ್ಟೆ, ತಾರಸಿಯ ಮೇಲಿನ ಭಗವಾಧ್ವಜ, ಡಿಸೆಂಬರಿನಲ್ಲಿ ಪೋರ್ಟಿಕೋದಲ್ಲಿ ತೂಗುವ ಕಾಗದದ ನಕ್ಷತ್ರ ಎಲ್ಲವೂ ಮಾಲೀಕರ ಇಷ್ಟ. ಗೇಟಿನಾಚೆ ಮಾತು ಬೇರೆ. ರಂಗೋಲಿಯನ್ನು ಯಾರೂ ಕೇಳುವುದಿಲ್ಲ, ಅದು ಸಂಜೆಯೊಳಗೆ ತಾನೇ ಅಳಿಸಿಹೋಗುತ್ತದೆ. ಫುಟ್‌ಪಾತಿನ ಮೇಲೆ ಗೂಡು ಕಟ್ಟಿ ಮೂರ್ತಿ ಇಟ್ಟರೆ ಅದು ಒತ್ತುವರಿ. ರಸ್ತೆ, ಪಾರ್ಕುಗಳಲ್ಲಿ ಯಾವ ಧರ್ಮದ ಹೆಸರಿನಲ್ಲೂ ಹೊಸದಾಗಿ ಅನಧಿಕೃತ ಕಟ್ಟಡ ಏಳಬಾರದೆಂದು ಸುಪ್ರೀಂ ಕೋರ್ಟ್ 2009ರ ಸೆಪ್ಟೆಂಬರಿನಲ್ಲಿ ಆದೇಶಿಸಿದೆ.

ತೊಡಕು ಶುರುವಾಗುವುದು ಜೆ.ಪಿ. ನಗರದಂಥ ಕಡೆಯ ಬಹುಮಹಡಿ ಕಟ್ಟಡಗಳಲ್ಲಿ. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ 1972ರದು. ಅದರ ಪ್ರಕಾರ ಮುಖ್ಯ ಗೋಡೆ, ಕಾರಿಡಾರು, ಲಾಬಿ, ಮೆಟ್ಟಿಲು, ತಾರಸಿ ಸಾಮಾನ್ಯವಾಗಿ ಎಲ್ಲರ ಪಾಲಿನ ಜಾಗ. ಅದನ್ನು ಉಳಿದವರ ಹಕ್ಕಿಗೆ ಅಡ್ಡಿಯಾಗದಂತೆ ಬಳಸಬೇಕು, ಬೈಲಾಕ್ಕೆ ಪ್ರತಿಯೊಬ್ಬ ಮಾಲೀಕರೂ ಬದ್ಧರಾಗಿರಬೇಕು. ಫ್ಲ್ಯಾಟಿನ ಒಳಗಿನ ದೇವರ ಮನೆಯ ಗೊಡವೆ ಅಸೋಸಿಯೇಷನ್ನಿಗೆ ಬೇಡ. ಬಾಗಿಲಿನ ಹೊರಮೈ ಮಾತ್ರ ಅಂಚಿನ ಮೇಲೆ ನಿಲ್ಲುತ್ತದೆ. ಅದು ಯಾರದೆಂದು ತಿಳಿಯಲು ಕಟ್ಟಡದ ಡೀಡ್ ಆಫ್ ಡಿಕ್ಲರೇಷನ್ ಮತ್ತು ಬೈಲಾವನ್ನೇ ನೋಡಬೇಕು. ಮನೆ ಕೊಳ್ಳುವಾಗ ಇವೆರಡನ್ನು ಓದುವವರು ಅಪರೂಪ.

ಅಸೋಸಿಯೇಷನ್ನಿನ ಆಕ್ಷೇಪಗಳಲ್ಲಿ ಕೆಲವಕ್ಕೆ ಹುರುಳಿದೆ. ದೃಷ್ಟಿಗೆಂದು ಬಾಗಿಲ ಮೇಲೆ ಕಟ್ಟಿದ ಬೂದುಗುಂಬಳ ಕೆಲವು ವಾರಗಳಲ್ಲಿ ಒಳಗೇ ಕೊಳೆತು, ತೊಟ್ಟಿನ ಬಳಿ ಮೆತ್ತಗಾಗಿ, ನೀರು ಒಸರಲು ಶುರುಮಾಡುತ್ತದೆ. ಒಂದು ದಿನ ಧೊಪ್ಪೆಂದು ಬೀಳುತ್ತದೆ. ಬಾಲ್ಕನಿಯ ಅಂಚಿನಲ್ಲಿಟ್ಟ ತುಳಸಿ ಕುಂಡಕ್ಕೆ ಹಾಕಿದ ನೀರು ಕೆಳಗಿನ ಮನೆಯವರು ಒಣಹಾಕಿದ ಸೀರೆಯ ಮೇಲೆ ಕೆಂಪು ಗೆರೆ ಎಳೆಯುತ್ತದೆ. ಕಾರ್ತಿಕದ ಹಣತೆಗಳು ಚಪ್ಪಲಿ ಸ್ಟ್ಯಾಂಡಿನ ಪಕ್ಕದಲ್ಲೇ ಉರಿಯುತ್ತವೆ, ಬೆಂಕಿ ಬಿದ್ದರೆ ಓಡಬೇಕಾದದ್ದೂ ಅದೇ ಕಾರಿಡಾರಿನಲ್ಲಿ. ಇಲ್ಲೆಲ್ಲ ತಕರಾರು ದೇವರ ಮೇಲಲ್ಲ. ನೀರು, ಬೆಂಕಿ, ಓಡಾಟದ ಮೇಲೆ.

ಹುರುಳಿಲ್ಲದ ಆಕ್ಷೇಪಗಳನ್ನು ಗುರುತಿಸುವುದೂ ಕಷ್ಟವಲ್ಲ. ಒಂದೇ ಕಾರಿಡಾರಿನಲ್ಲಿ ಮಾವಿನೆಲೆಯ ತೋರಣ ‘ಅಲಂಕಾರ’ವಾಗಿ, ಪಕ್ಕದ ಮನೆಯ 786 ಫಲಕವೋ ಶಿಲುಬೆಯೋ ‘ಧಾರ್ಮಿಕ ಪ್ರದರ್ಶನ’ವಾಗಿ ಕಂಡರೆ ದೋಷ ಫಲಕದಲ್ಲಿಲ್ಲ, ನೋಡುವ ಕಣ್ಣಿನಲ್ಲಿದೆ. ಬಹುಸಂಖ್ಯೆಯವರ ಆಚಾರ ಅವರಿಗೇ ಆಚಾರವೆಂದು ಕಾಣುವುದಿಲ್ಲ, ಮಾಮೂಲಿ ಎಂದು ಕಾಣುತ್ತದೆ. ಹೊಸ್ತಿಲ ಅರಿಶಿನ ಕುಂಕುಮಕ್ಕೆ ಬಿಡುವ ಜಾಗವನ್ನೇ ಉಳಿದವರಿಗೂ ಬಿಡುವ ಬೈಲಾ ನ್ಯಾಯದ ಬೈಲಾ. ಇಂತಿಷ್ಟು ಅಳತೆ, ಮೊಳೆ ಬೇಡ, ಬೆಂಕಿ ಬೇಡ ಎಂದು ಬರೆದರೆ ಯಾವ ದೇವರ ಹೆಸರನ್ನೂ ಎತ್ತುವ ಅಗತ್ಯವಿಲ್ಲ.

ಇದೇ ಬಾಗಿಲಿನ ಜಗಳ ಅಮೆರಿಕದ ಷಿಕಾಗೊದಲ್ಲಿ ನ್ಯಾಯಾಲಯದವರೆಗೆ ಹೋಯಿತು. ಯಹೂದಿಗಳು ಬಾಗಿಲ ಚೌಕಟ್ಟಿಗೆ ಮೆಜೂಜಾ ಎಂಬ ಸಣ್ಣ ಕೊಳವೆ ಕೂರಿಸುತ್ತಾರೆ. ಒಳಗೆ ಧರ್ಮಗ್ರಂಥದ ಸಾಲುಗಳನ್ನು ಬರೆದ ಸುರುಳಿ ಇರುತ್ತದೆ. ಬಾಗಿಲ ಹೊರಗೆ ಯಾವ ವಸ್ತುವೂ ಇರಬಾರದೆಂದು 2001ರಲ್ಲಿ ಒಂದು ಕಟ್ಟಡದ ಮಂಡಳಿ ನಿಯಮ ಮಾಡಿತ್ತು. ಮೂರು ವರ್ಷ ಸುಮ್ಮನಿದ್ದು, 2004ರಲ್ಲಿ ಕಾರಿಡಾರಿಗೆ ಬಣ್ಣ ಹೊಡೆಸಿದ ಮೇಲೆ ಮೆಜೂಜಾ ಕೀಳತೊಡಗಿತು. ನಿಯಮದ ಮಾತು ಎಲ್ಲರಿಗೂ ಒಂದೇ, ನಿಜ. ಆದರೆ ಅದನ್ನು ಬೇಕೆಂದೇ ಒಂದು ಧರ್ಮದವರ ಮೇಲೆ ಪ್ರಯೋಗಿಸಿದರೇ ಎಂಬುದು ವಿಚಾರಣೆಯಾಗಬೇಕು ಎಂದು ಮೇಲ್ಮನವಿ ನ್ಯಾಯಾಲಯ 2009ರಲ್ಲಿ ತೀರ್ಪಿತ್ತಿತು. ಟೆಕ್ಸಾಸ್ ರಾಜ್ಯ 2011ರಲ್ಲಿ ಬಾಗಿಲ ಮೇಲಿನ ಧಾರ್ಮಿಕ ಚಿಹ್ನೆಗಳಿಗೆ ಕಾನೂನಿನ ರಕ್ಷಣೆ ಕೊಟ್ಟು, 25 ಚದರ ಇಂಚಿನ ಮಿತಿ ಹಾಕಿತು. ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ. 19 ಮತ್ತು 21ನೇ ವಿಧಿಯ ಹಕ್ಕುಗಳನ್ನು ಖಾಸಗಿಯವರ ವಿರುದ್ಧವೂ ಕೇಳಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರ ಜನವರಿಯಲ್ಲಿ ಬಹುಮತದಿಂದ ಹೇಳಿದ್ದು ಒಂದು ಹೊಸ ದಾರಿ. ಸಾಮಾನ್ಯವಾಗಿ ತುಳಿಯುವ ದಾರಿ ಸರ್ವಸದಸ್ಯರ ಸಭೆಯಲ್ಲಿ ಬೈಲಾ ತಿದ್ದಿಸುವುದು. ಆಗದಿದ್ದರೆ ಸಿವಿಲ್ ಕೋರ್ಟು, ಸಹಕಾರ ಸಂಘವಾಗಿದ್ದರೆ ಸಹಕಾರ ಇಲಾಖೆ.

ಬಿ.ಟಿ.ಎಂ. ಲೇಔಟಿನ ಬಹಳಷ್ಟು ಜನ ಬಾಡಿಗೆಯವರು. 11 ತಿಂಗಳ ಕರಾರಿನಲ್ಲಿ ‘ಗೋಡೆಗೆ ಮೊಳೆ ಹೊಡೆಯಬಾರದು’ ಎಂಬ ಸಾಲಿದ್ದರೆ ಅದು ಗಣಪತಿಯ ಪಟಕ್ಕೂ ಕ್ಯಾಲೆಂಡರಿಗೂ ಒಂದೇ. ದ್ವಾರಬಂಧಕ್ಕೆ ದಾರ ಕಟ್ಟಿದ ತೋರಣವನ್ನು ಆ ಸಾಲು ಮುಟ್ಟುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿನಂತೆ, ಬೇರೆ ಕರಾರಿಲ್ಲದಿದ್ದರೆ ಬಾಡಿಗೆದಾರರು ಮಾಲೀಕರ ಒಪ್ಪಿಗೆಯಿಲ್ಲದೆ ಶಾಶ್ವತವಾದದ್ದೇನನ್ನೂ ಕಟ್ಟುವಂತಿಲ್ಲ. ತಾವು ಕೂರಿಸಿದ್ದನ್ನು ಮನೆ ತಮ್ಮ ಸ್ವಾಧೀನದಲ್ಲಿರುವಾಗಲೇ ಕಳಚಿಕೊಂಡು, ಜಾಗವನ್ನು ಮೊದಲಿದ್ದಂತೆ ಬಿಡಬಹುದು. ಕುಂಡದ ತುಳಸಿ ಮನೆ ಬದಲಿಸುವ ದಿನ ಸಾಮಾನಿನ ಜೊತೆ ಟೆಂಪೋ ಹತ್ತುತ್ತದೆ. ಒಪ್ಪಿಗೆ ಪಡೆದು ಗಾರೆ ಹಾಕಿ ಕಟ್ಟಿಸಿದ ಕಟ್ಟೆ ಮಾತ್ರ ಸಾಮಾನ್ಯವಾಗಿ ಅಲ್ಲೇ ಉಳಿದು ಮನೆ ಮಾಲೀಕರದ್ದಾಗುತ್ತದೆ.